ಎರಡನೇ ಮಹಡಿಯಲ್ಲಿ ಹತ್ತು ನಿಮಿಷ

"ಒಂದ್ನಿಮಿಷ ಇಳಿಸೋಣ, ಕೈ ಸೋತುಹೋಯ್ತು," ಎಂದು ಸ್ಟ್ರೆಚರಿನ ಮುಂತುದಿ ಹಿಡಿದಿದ್ದವನು ಹೇಳಿದ. ಉಳಿದ ಮೂವರೂ ಅದಕ್ಕೇ ಕಾಯುತ್ತಿದ್ದವರಂತೆ ತಟ್ಟನೆ ನಿಂತರು. ನಿಂತದ್ದು ಎರಡನೇ ಮಹಡಿಯಲ್ಲಿ, ಟೈಲರಮ್ಮನ ಬಾಗಿಲಿಗೆ ಸರಿಯಾಗಿ.

"ಇಲ್ಲಿ ಬೇಡ," ಎಂದಳು ಹಿಂದೆ ಹತ್ತಿ ಬರುತ್ತಿದ್ದ ಮೇಸ್ತ್ರಿಯ ಹೆಂಡತಿ. "ಇನ್ನೊಂದೇ ಮಹಡಿ. ನಡೀರಿ."

ನಾಲ್ವರೂ ಲಿಫ್ಟ್ ಕಂಪನಿಯವರು, ಸ್ಟ್ರೆಚರಿನ ಮೇಲಿದ್ದ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು. ಗುರುವಿನ ಹೆಂಡತಿಯ ಮಾತಿಗೆ ಎದುರಾಡದೆ, ಏದುಸಿರು ಬಿಡುತ್ತಲೇ ಮತ್ತೆ ಹತ್ತಿದರು. ಮೂವತ್ತು ವರ್ಷ ಊರಿನವರನ್ನೆಲ್ಲ ಲಿಫ್ಟಿನಲ್ಲಿ ಮೇಲೇರಿಸಿದ ಮನುಷ್ಯ ತಾನು ಸಂಸಾರ ಹೂಡಿದ್ದು ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಯಾರಾದರೂ ಆ ಬಗ್ಗೆ ಕೆಣಕಿದರೆ, ಲಿಫ್ಟಿನ ಹೊಟ್ಟೆಯೊಳಗೆ ಏನೇನಿದೆಯೆಂದು ಕಂಡವನು ಕಾಲನ್ನೇ ನಂಬುತ್ತಾನೆ ಎಂದು ನಗುತ್ತಿದ್ದ.

ಹೆಣವನ್ನು ಮೇಲಕ್ಕೆ ಹೊತ್ತು ಮತ್ತೆ ಇಳಿಸುವ ಉಸಾಬರಿ ಯಾಕೆ, ಕೆಳಗೇ ಇಡೋಣ ಎಂದು ಮೈದುನ ಆಸ್ಪತ್ರೆಯಲ್ಲೇ ಹೇಳಿದ್ದ. ಅವಳು ಒಪ್ಪಿರಲಿಲ್ಲ. ಅವರು ಒಂದು ಸಲ ಮನೆಗೆ ಬರಲಿ ಎಂದಿದ್ದಳು. ಅದು ಸುಳ್ಳಲ್ಲ. ಆದರೆ ಬಾಯಿಬಿಟ್ಟು ಹೇಳಲಾಗದ ಇನ್ನೊಂದು ಕಾರಣವೂ ಇತ್ತು. ಆ ಹೆಣ ದಾಟುವಾಗ ಎರಡನೇ ಮಹಡಿಯ ಬಾಗಿಲು ತೆರೆಯುತ್ತದೆಯೋ ಇಲ್ಲವೋ ಅವಳು ನೋಡಬೇಕಿತ್ತು.

ತೆರೆಯಿತು, ಒಂದು ಗೇಣು. ಸಂದಿಯಲ್ಲಿ ಒಂದು ಕಣ್ಣು, ಕೊರಳಿಗೆ ಜೋತುಬಿದ್ದ ಅಳತೆ ಟೇಪು. ಮೇಸ್ತ್ರಿಯ ಹೆಂಡತಿ ತಿರುಗಿ ನೋಡಿದ್ದೇ ತಡ, ಮುಚ್ಚಿಕೊಂಡಿತು.

ಮೇಲೆ ಮುಂದಿನ ಕೋಣೆಯಲ್ಲಿ ಜನ ಗೋಡೆಗೊರಗಿ ಕೂತರು. ಎಲ್ಲ ಮಹಡಿಯವರೂ ಬಂದರು. ನೀರಿನ ಪಂಪಿನ ವಿಷಯಕ್ಕೆ ಮೇಸ್ತ್ರಿಯೊಡನೆ ಮಾತು ಬಿಟ್ಟಿದ್ದ ಕೆಳಮನೆಯ ಮುದುಕನೂ ಬಂದು, ಒಳ್ಳೆಯ ಮನುಷ್ಯ ಎಂದು ಎರಡು ಸಲ ಹೇಳಿ ಕೂತ. ಬಾರದವಳು ಟೈಲರಮ್ಮ ಒಬ್ಬಳೇ. ಬಾಗಿಲಲ್ಲಿ ನೆರಳಾಡಿದಾಗಲೆಲ್ಲ ಮೇಸ್ತ್ರಿಯ ಹೆಂಡತಿ ತಲೆ ಎತ್ತುತ್ತಿದ್ದಳು. ನೋಡಿದವರು ಪಾಪ, ಇನ್ನೂ ಗಂಡನ ದಾರಿ ಕಾಯುತ್ತಿದ್ದಾಳೆ ಎಂದುಕೊಂಡರು. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ಮೈದುನನಿಗೆ ಬೇರೆಯೇ ಅನುಮಾನ. ಆಸ್ಪತ್ರೆಯ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ಹಾಳೆ ತಿರುವುತ್ತಿದ್ದ. ಅಣ್ಣನ ಕರುಳಿನ ಗಡ್ಡೆ ತೆಗೆದದ್ದು ಸರಿಯಾಗಿಯೇ ಆಗಿತ್ತು. ಹೋದದ್ದು ಮೂರನೇ ದಿನ, ಹೃದಯ ನಿಂತು. ಹಾಗಾದರೆ ಹೃದಯ ಗಟ್ಟಿಯಿದೆ ಎಂದು ಮೊದಲೇ ಬರೆದುಕೊಟ್ಟವರು ಯಾರು? ಆ ಹಾಳೆ ಸಿಕ್ಕಿದ ಕೂಡಲೇ ಎಲ್ಲರಿಗೂ ಕೇಳುವಂತೆ ಓದಿದ: "ದಿನವೂ ಮೂರು ಮಹಡಿ ನಿಲ್ಲದೆ ಹತ್ತುತ್ತಾರೆ. ಅಪಾಯ ಸಾಮಾನ್ಯ ಮಟ್ಟದ್ದು. ಆಪರೇಷನ್ ಮಾಡಬಹುದು."

"ಕೂತಲ್ಲೇ ಗೀಚಿದಾರೆ," ಎಂದ. "ಅತ್ತಿಗೆ, ಈ ಡಾಕ್ಟ್ರು ನಿಮ್ಮನ್ನ ಒಂದು ಮಾತಾದ್ರೂ ಕೇಳಿದ್ರಾ? ಕೇಳಿಲ್ಲ ಅಂತ ಬರೆದು ಸಹಿ ಹಾಕಿ ಕೊಡಿ ಸಾಕು. ಉಳಿದದ್ದು ನಾನು ನೋಡ್ಕೋತೀನಿ. ಅವರ ಕೆಲಸ ಕಳೆಯೋವರೆಗೆ ಬಿಡಲ್ಲ."

"ನೆನಪಿಲ್ಲಪ್ಪ," ಎಂದಳು ಅವಳು.

ಅವಳಿಗೆ ಎಲ್ಲವೂ ನೆನಪಿತ್ತು.

*

ಒಂದೊಂದು ಮಹಡಿಗೆ ಹದಿನೆಂಟು ಮೆಟ್ಟಿಲು. ಸಂಜೆ ಆರರ ಸುಮಾರಿಗೆ ಅವಳು ಅಡುಗೆಮನೆಯಲ್ಲಿ ನಿಂತೇ ಗಂಡನ ಬೂಟಿನ ಸದ್ದು ಎಣಿಸುತ್ತಿದ್ದಳು. ಮದುವೆಯಾದಾಗಿನಿಂದ ಐವತ್ನಾಲ್ಕು ಎಣಿಸಿ ಬಾಗಿಲು ತೆಗೆದವಳು. ಎರಡು ವರ್ಷದ ಹಿಂದೆ ಒಂದು ದಿನ ಲೆಕ್ಕ ಮೂವತ್ತಾರಕ್ಕೆ ನಿಂತಿತು. ಕೆಳಗೊಂದು ಬಾಗಿಲ ಚಿಲಕ ಸರಿಯಿತು. ಹೊಲಿಗೆ ಯಂತ್ರ ಒಮ್ಮೆಲೇ ಜೋರಾಗಿ ಓಡಿತು. ಹತ್ತು ನಿಮಿಷ. ಆಮೇಲೆ ಉಳಿದ ಹದಿನೆಂಟು ಮೆಟ್ಟಿಲನ್ನು ಹುಡುಗನ ಹಾಗೆ ಹತ್ತಿ ಬಂದ ಗಂಡ, ಏನು ವಿಶೇಷ ಎಂದು ಕೇಳಿದ.

ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನವೂ.

ಟೈಲರಮ್ಮನಿಗೆ ಗಂಡನಿರಲಿಲ್ಲ. ಕಟ್ಟಡದ ಹೆಂಗಸರೆಲ್ಲ ಮೇಸ್ತ್ರಿಯನ್ನು ಅಣ್ಣ ಎನ್ನುತ್ತಿದ್ದರೆ ಇವಳು ಮಾತ್ರ ಮೇಸ್ತ್ರಿಗಳೇ ಎನ್ನುತ್ತಿದ್ದಳು. ಅನುಮಾನ ಬೆಳೆಯಲು ಇಷ್ಟು ಸಾಕು. ಒಳಗಿನ ಮಾತು ಹೊರಗೆ ಕೇಳಬಾರದೆಂದೇ ಆ ಯಂತ್ರದ ಗದ್ದಲ ಎಂದು ಮೇಸ್ತ್ರಿಯ ಹೆಂಡತಿ ತೀರ್ಮಾನಿಸಿದಳು. ಗಂಡನನ್ನು ಕೇಳಲಿಲ್ಲ. ಕೇಳಿ, ಅವನು ಹೌದು ಎಂದುಬಿಟ್ಟರೆ? ಟೈಲರಮ್ಮನಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದಳು. ಅಷ್ಟೇ ಅವಳಿಂದಾದದ್ದು.

ಆಪರೇಷನ್ನಿಗೆ ವಾರವಿರುವಾಗ ಹೃದಯದ ಡಾಕ್ಟರ ಹತ್ತಿರ ಕಳಿಸಿದರು. ವಯಸ್ಸಾದ ಹೆಂಗಸು, ಕನ್ನಡಕ ನೆತ್ತಿಯ ಮೇಲೆ. ಇಸಿಜಿಯ ಪಟ್ಟಿಯನ್ನು ಎರಡು ಸಲ ನೋಡಿದರು. ಪಟ್ಟಿ ಚೆನ್ನಾಗಿದೆ, ಆದರೆ ಅದು ಮಲಗಿರುವ ಹೃದಯದ ಸಮಾಚಾರ ಮಾತ್ರ. ಅಷ್ಟು ದೊಡ್ಡ ಆಪರೇಷನ್ ಅಂದರೆ ಹೃದಯ ದಿನಗಟ್ಟಲೆ ಮೆಟ್ಟಿಲು ಹತ್ತಿದ ಹಾಗೆ ಎಂದರು. ಎದೆನೋವು ಇದೆಯೇ, ಉಬ್ಬಸ ಬರುತ್ತದೆಯೇ, ಎಷ್ಟು ಮಹಡಿ ಹತ್ತುತ್ತೀರಿ ಎಂದು ಕೇಳಿದರು. ನೋವಿಲ್ಲ, ಉಬ್ಬಸವಿಲ್ಲ, ದಿನಕ್ಕೆ ಮೂರು ಮಹಡಿ ಎಂದ ಮೇಸ್ತ್ರಿ.

ಡಾಕ್ಟರು ಪೆನ್ನು ಕೆಳಗಿಟ್ಟು ಅವಳ ಕಡೆ ತಿರುಗಿದರು.

"ಗಂಡಸರು ಈ ಕುರ್ಚಿಯಲ್ಲಿ ಕೂತ್ರೆ ಎಲ್ಲರೂ ಪೈಲ್ವಾನರೇ. ನೀವು ಹೇಳೀಮ್ಮ. ಹತ್ತುವಾಗ ಮಧ್ಯೆ ಎಲ್ಲಾದ್ರೂ ನಿಲ್ತಾರಾ? ನಿಲ್ತಾರೆ ಅಂದ್ರೆ ಹೆದರ್ಬೇಕಾಗಿಲ್ಲ. ಇನ್ನೊಂದೆರಡು ಪರೀಕ್ಷೆ ಮಾಡಿ, ಔಷಧಿ ಕೊಟ್ಟು, ಸ್ವಲ್ಪ ತಡವಾಗಿ ಆಪರೇಷನ್ ಮಾಡಿಸ್ತೀವಿ."

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಕಣ್ಣು ಕದಲಿಸದೆ ನೋಡಿದ. ಸಿಕ್ಕಿಬಿದ್ದ ಕಳ್ಳನ ನೋಟ ಎನಿಸಿತು ಅವಳಿಗೆ. ನಿಲ್ಲುತ್ತಾರೆ ಎಂದರೆ ಎಲ್ಲಿ ಎಂದು ಕೇಳುತ್ತಾರೆ. ಎರಡನೇ ಮಹಡಿಯಲ್ಲಿ, ಇನ್ನೊಬ್ಬ ಹೆಂಗಸಿನ ಮನೆಯೊಳಗೆ ಎಂದು ಗುರುತಿಲ್ಲದವರ ಮುಂದೆ ಯಾವ ಬಾಯಲ್ಲಿ ಹೇಳುವುದು?

"ಇಲ್ಲ," ಎಂದಳು. "ಎಲ್ಲೂ ನಿಲ್ಲಲ್ಲ."

ಮೇಸ್ತ್ರಿ ತಲೆ ತಗ್ಗಿಸಿದ. ಡಾಕ್ಟರು ಬರೆದುಕೊಂಡರು.

*

ಹನ್ನೊಂದು ಗಂಟೆಗೆ ವ್ಯಾನಿನವನು ಕೆಳಗಿನಿಂದ ಹಾರ್ನ್ ಮಾಡಿದ. ಇನ್ನು ಅರ್ಧ ಗಂಟೆ ಎಂದು ಮೈದುನ ಕಿಟಕಿಯಿಂದ ಕೈ ತೋರಿಸಿದ. ಟೈಲರಮ್ಮ ಇನ್ನೂ ಬಂದಿರಲಿಲ್ಲ. ಸ್ವಲ್ಪ ಗಾಳಿ ಬೇಕು ಎಂದು ಮೇಸ್ತ್ರಿಯ ಹೆಂಡತಿ ಎದ್ದಳು. ಜೊತೆಗೆ ಬರಹೊರಟವರನ್ನು ಕೈಯಲ್ಲೇ ತಡೆದಳು. ಹದಿನೆಂಟು ಮೆಟ್ಟಿಲು ಇಳಿದು, ಎರಡು ವರ್ಷದಿಂದ ಮುಖ ತಿರುಗಿಸಿಕೊಂಡು ದಾಟುತ್ತಿದ್ದ ಬಾಗಿಲನ್ನು ತಟ್ಟಿದಳು.

ಬಾಗಿಲು ತೆರೆದ ಟೈಲರಮ್ಮನ ಕಣ್ಣು ಕೆಂಪಾಗಿತ್ತು. ಹಾಗಾದರೆ ನನಗಿಂತ ಮೊದಲು ಇವಳು ಅತ್ತಿದ್ದಾಳೆ ಎಂದು ಮೇಸ್ತ್ರಿಯ ಹೆಂಡತಿಗೆ ಮೈ ಉರಿಯಿತು.

"ಎಲ್ಲರೂ ಬಂದ್ರು. ನೀವ್ಯಾಕೆ ಬರ್ಲಿಲ್ಲ?"

"ಒಳಗೆ ಬನ್ನಿ ಅಕ್ಕ," ಎಂದಷ್ಟೇ ಹೇಳಿ ಟೈಲರಮ್ಮ ಯಂತ್ರದ ಕಡೆ ನಡೆದಳು.

ಒಂದೇ ಕೋಣೆ. ಹಗ್ಗಕ್ಕೆ ತೂಗುಹಾಕಿದ ರವಿಕೆಗಳು, ನೆಲದ ತುಂಬ ಬಟ್ಟೆಯ ಚೂರು. ಟೈಲರಮ್ಮ ಗುಂಡಿಗಳ ಡ್ರಾಯರ್ ಎಳೆದು, ಗುಂಡಿಗಳ ಅಡಿಯಲ್ಲಿ ಏನನ್ನೋ ತಡಕಿದಳು. ಕಾಗದವೋ ಫೋಟೋವೋ ಎಂದು ಮೇಸ್ತ್ರಿಯ ಹೆಂಡತಿ ಬಗ್ಗಿ ನೋಡಿದಳು. ಕೈಗೆ ಬಂದದ್ದು ಕಂದುಬಣ್ಣದ ಪುಟ್ಟ ಶೀಶೆ, ತಳದಲ್ಲಿ ನಾಲ್ಕೈದು ಬಿಳಿ ಮಾತ್ರೆ.

"ಇದನ್ನ ಅಷ್ಟು ಜನರ ಮುಂದೆ ಹೇಗೆ ಕೊಡೋದು ಅಂತ ಕೂತಿದ್ದೆ," ಎಂದಳು ಟೈಲರಮ್ಮ. "ಎದೆ ಹಿಡ್ಕೊಂಡಾಗ ನಾಲಿಗೆ ಕೆಳಗೆ ಇಟ್ಕೊಳ್ತಿದ್ರು. ಎಲ್ಲಿಂದ ತಂದಿದ್ರೋ. ಮೊದಲನೇ ಸಲ ನನ್ನ ಬಾಗಿಲ ಮುಂದೇನೇ ಕುಸಿದು ಕೂತ್ರು. ನಾನೇ ಒಳಗೆ ಕರೆದೆ. ಅಲ್ಲಿಂದ ದಿನಾ ಆ ಸ್ಟೂಲಿನ ಮೇಲೆ ಹತ್ತು ನಿಮಿಷ. ಮಾತಾಡೋಕೂ ಉಸಿರಿರ್ತಿರ್ಲಿಲ್ಲ. ಮೆಟ್ಟಿಲಲ್ಲಿ ಹೋಗೋರಿಗೆ ಏದುಸಿರು ಕೇಳ್ಬಾರ್ದು, ಮಿಷನ್ ಜೋರಾಗಿ ತುಳೀರಿ ಅನ್ನೋರು."

ಸ್ಟೂಲು ಬಾಗಿಲ ಪಕ್ಕದಲ್ಲೇ ಇತ್ತು. ಅದರ ಮೇಲಿನ ಗೋಡೆಯಲ್ಲಿ, ಕೂತವನ ತಲೆ ಒರಗುವಷ್ಟು ಎತ್ತರಕ್ಕೆ, ಅಂಗೈಯಗಲದ ಎಣ್ಣೆಯ ಕಲೆ. ಅದರ ಜೋಡಿ ಮೇಲೆ ಮೇಸ್ತ್ರಿಯ ಹೆಂಡತಿಯ ಮನೆಯಲ್ಲೂ ಇತ್ತು, ಮೇಸ್ತ್ರಿ ಟಿವಿ ನೋಡುವ ಜಾಗದಲ್ಲಿ. ವರ್ಷ ವರ್ಷವೂ ತಿಕ್ಕಿ ಬೈದವಳು ಅವಳೇ.

"ನನಗೆ ಹೇಳ್ಬಹುದಿತ್ತಲ್ಲ," ಎಂದಳು ಮೇಸ್ತ್ರಿಯ ಹೆಂಡತಿ.

"ನಾನೂ ಅದನ್ನೇ ಅಂದೆ. ಅವಳಿಗೆ ಗೊತ್ತು ಅಂದ್ರು. ಎಷ್ಟನೇ ಮೆಟ್ಟಿಲಲ್ಲಿ ಇದೀನಿ ಅಂತ ಕೂಡ ಬೂಟಿನ ಸದ್ದಲ್ಲೇ ಹೇಳ್ತಾಳೆ, ಗೊತ್ತಿದ್ದೂ ಕೇಳದೆ ನನ್ನ ಮರ್ಯಾದೆ ಕಾಪಾಡ್ತಿದಾಳೆ ಅಂದ್ರು." ಟೈಲರಮ್ಮ ಶೀಶೆಯನ್ನು ಅವಳ ಅಂಗೈಯಲ್ಲಿಟ್ಟಳು. "ಹೃದಯದ ಡಾಕ್ಟ್ರನ್ನ ನೋಡೋಕೆ ಹೋಗೋ ಹಿಂದಿನ ದಿನ, ಈ ಸಲವಾದ್ರೂ ಹೇಳಿ ಅಂತ ಗೋಗರೆದೆ. ನನ್ನ ಬಾಯಲ್ಲಿ ಬರಲ್ಲ, ಅವಳನ್ನ ಕೇಳಿದ್ರೆ ಹೇಳ್ತಾಳೆ, ಅವಳು ಸುಳ್ಳು ಹೇಳೋಳಲ್ಲ ಅಂದ್ರು. ಕೇಳ್ಲಿಲ್ವಾ ಅಕ್ಕ ಡಾಕ್ಟ್ರು?"

ಮೇಸ್ತ್ರಿಯ ಹೆಂಡತಿ ಸ್ಟೂಲಿನ ಮೇಲೆ ಕೂತಳು. ಡಾಕ್ಟರ ಮುಂದೆ ಕಂಡದ್ದು ಕಳ್ಳನ ನೋಟವಾಗಿರಲಿಲ್ಲ. ಅವಳು ಹೇಳಲಿ ಎಂದು ಕಾಯುತ್ತಿದ್ದ. ಎರಡು ವರ್ಷ ಅವನು ಅವಳನ್ನು ನಂಬಿದ್ದ, ಅವಳು ಅವನನ್ನು ಕಾವಲು ಕಾದಿದ್ದಳು.

*

ಕಂಪನಿಯ ನಾಲ್ವರು ಮತ್ತೆ ಸ್ಟ್ರೆಚರ್ ಎತ್ತಿದಾಗ ಮೈದುನ ಕಾಗದ ಸಿದ್ಧಮಾಡಿಕೊಂಡಿದ್ದ. ಹೊಸಿಲು ದಾಟುವ ಮೊದಲೇ ಪೆನ್ನು ಮುಂದೆ ಹಿಡಿದು, ಡಾಕ್ಟರು ಏನೂ ವಿಚಾರಿಸಲಿಲ್ಲ ಅಂತ ಬರೆದಿದೀನಿ, ಒಂದು ಸಹಿ ಸಾಕು ಎಂದ.

"ವಿಚಾರಿಸಿದ್ರು," ಎಂದಳು ಅವಳು. "ಮಧ್ಯೆ ನಿಲ್ತಾರಾ ಅಂತ ಕೇಳಿದ್ರು. ನಿಲ್ಲಲ್ಲ ಅಂದೆ. ಆ ಹಾಳೇಲಿರೋದು ನನ್ನ ಮಾತು."

ಅಣ್ಣ ನಿಲ್ಲುತ್ತಿರಲಿಲ್ಲವಲ್ಲ, ಅದರಲ್ಲಿ ತಪ್ಪೇನು ಎಂದ ಮೈದುನ. ಅವಳು ಅವನನ್ನು ಅಲ್ಲೇ ಬಿಟ್ಟು ಸ್ಟ್ರೆಚರಿನ ಹಿಂದೆ ಇಳಿದಳು. ಮುಷ್ಟಿಯಲ್ಲಿ ಶೀಶೆಯಿತ್ತು. ಹದಿನೆಂಟು ಮೆಟ್ಟಿಲು ಎಣಿಸಿದಳು.

"ಇಲ್ಲಿ ಸ್ವಲ್ಪ ಇಳಿಸ್ರಪ್ಪ."

"ಬೇಡಮ್ಮ, ಇಳಿಯೋದು ಸಲೀಸು," ಎಂದ ಮುಂದಿನವನು. "ಯಾರಿಗೂ ಕೈ ಸೋತಿಲ್ಲ."

"ನಿಮಗಲ್ಲ," ಎಂದಳು ಅವಳು. "ಅವರು ಇಲ್ಲಿ ನಿಲ್ತಾರೆ."

ನಾಲ್ವರೂ ಮುಖ ಮುಖ ನೋಡಿಕೊಂಡು ಸ್ಟ್ರೆಚರನ್ನು ನೆಲಕ್ಕಿಳಿಸಿದರು. ಹಿಂದೆ ಬರುತ್ತಿದ್ದವರೆಲ್ಲ ಮೆಟ್ಟಿಲ ಮೇಲೆ ನಿಂತರು. ಮೇಸ್ತ್ರಿಯ ಹೆಂಡತಿ ಗಂಡನ ಪಕ್ಕದಲ್ಲಿ ಕುಸಿದು ಕೂತು, ಬಿಳಿ ಬಟ್ಟೆಯ ಮೇಲಿಂದ ಅವನ ಎದೆಯ ಮೇಲೆ ಕೈಯಿಟ್ಟಳು. ಬೆಳಗಿನಿಂದ ಬಾರದ ಅಳು ಆಗ ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ.

ಟೈಲರಮ್ಮನ ಬಾಗಿಲು ಪೂರ್ತಿ ತೆರೆದೇ ಇತ್ತು. ಅಳು ಕೇಳುತ್ತಲೇ ಟೈಲರಮ್ಮ ಒಳಗೆ ಹೋಗಿ ಯಂತ್ರದ ಮುಂದೆ ಕೂತು, ಜೋರಾಗಿ ತುಳಿಯತೊಡಗಿದಳು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ.