ಎಲ್ಲೂ ಗಾಯ ಇಲ್ಲ

ಫ್ಯಾನಿನ ಒಂದು ರೆಕ್ಕೆಗೆ ಜೇಡರ ಬಲೆಯ ಎಳೆ ಅಂಟಿಕೊಂಡಿದೆ, ರೆಕ್ಕೆಯ ಜೊತೆಗೇ ಅದೂ ಸುತ್ತುತ್ತಿದೆ, ಇಷ್ಟು ದೊಡ್ಡ ಆಸ್ಪತ್ರೆ, ಹೊರಗೆ ತಾನೇ ತೆರೆದುಕೊಳ್ಳುವ ಗಾಜಿನ ಬಾಗಿಲು, ಒಳಗೆ ಫ್ಯಾನಿಗೆ ಬಲೆ — ಬೇರೆ ದಿನವಾಗಿದ್ದರೆ ಮಹಾಂತೇಶ ಯಾರನ್ನಾದರೂ ಕರೆದು ತೋರಿಸಿ ಬೈಯುತ್ತಿದ್ದ, ಇವತ್ತು ಸುಮ್ಮನೆ ನೋಡುತ್ತಿದ್ದಾನೆ, ಬಾಯಿ ಒಣಗಿದೆ, ನೀರು ಕುಡಿಯುವ ಹಾಗಿಲ್ಲ, ಎಂಜಲು ನುಂಗಿದರೂ ಗಂಟಲಲ್ಲಿ ಸದ್ದಾಗುತ್ತದೆ. ಮೈಮೇಲೆ ಹಸಿರು ಅಂಗಿ, ಲಾಡಿ ಹಿಂದೆ, ಹಿಂದೆ ಪೂರಾ ಬಯಲು. ಸಂತೇಬೆನ್ನೂರಿನ ಮೆಕ್ಕೆಜೋಳದ ವ್ಯಾಪಾರಿ, ಸಂತೆಯ ದಿನ ಕಟ್ಟೆಯ ಹತ್ತಿರ ಬಂದರೆ ಜನ ಎದ್ದು ಜಾಗ ಬಿಡುವಂಥ ಕುಳ, ಈಗ ಒಂದು ಕೈಯಲ್ಲಿ ಅಂಗಿಯ ಹಿಂಬದಿ ಒತ್ತಿ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಾನೆ. ಕೊರಳಿನ ಇಷ್ಟಲಿಂಗದ ಕರಡಿಗೆ ತೆಗೀರಿ ಅಂದಳು ನರ್ಸು, ಅದು ಮೈಬಿಟ್ಟು ಹೋಗಂಗಿಲ್ಲಮ್ಮ ಅಂದ, ಕೊನೆಗೆ ಬಟ್ಟೆ ಸುತ್ತಿ ರಟ್ಟೆಗೆ ಕಟ್ಟಿದರು, ಅಷ್ಟರಮಟ್ಟಿಗೆ ದೇವರು ಜೊತೆಯಲ್ಲಿದ್ದಾನೆ, ಆದರೆ ದೇವರ ಮುಂದೆಯೂ ಹೇಳಿಕೊಳ್ಳುವಂಥ ಆಪರೇಷನ್ನಲ್ಲ ಇದು. ಅವ್ವನಿಗೆ ಹರ್ನಿಯಾ ಅಂದಿದ್ದಾನೆ. ಭಾರ ಎತ್ತಬ್ಯಾಡ ಅಂತ ಬಡ್ಕೊಂಡೆ, ಕೇಳಿದ್ಯಾ ನೀನು, ಎಂದಳು ಕಸ್ತೂರಮ್ಮ. ಭಾರ ಎತ್ತಿ ಆದದ್ದಲ್ಲ ಅವ್ವ, ಸಕ್ಕರೆ ಕಾಯಿಲೆ ಒಳಗೊಳಗೇ ನರ ತಿಂದು ಆದದ್ದು, ಮೊದಲು ಕಣ್ಣು ಮಂಜಾಯಿತು, ಆಮೇಲೆ ಪಾದಗಳು ಜೋಮು ಹಿಡಿದು ತನ್ನವಲ್ಲದ ಹಾಗಾದವು, ನಡುವೆ ಯಾವಾಗಲೋ ಅದು ಅಲ್ಲಿಗೂ ಇಳಿಯಿತು, ಹೇಗೆ ಹೇಳುವುದು, ತಾಯಿಗೆ ಮಗ ಯಾವ ಬಾಯಿಂದ ಹೇಳುವುದು. ಜಗಳೂರಿನಿಂದ ತಂದುಕೊಂಡ ಹೆಂಡತಿ ಶಾಂತಲಾ ವರ್ಷಗಟ್ಟಲೆ ಕಾದಳು, ಒಂದು ದಿನ ಬಟ್ಟೆ ಗಂಟು ಕಟ್ಟಿಕೊಂಡು ಜಗಳೂರಿನ ಬಸ್ಸು ಹತ್ತಿದಳು, ಕಾರಣ ಕೇಳಿದವರಿಗೆ ಹೊಂದ್ಲಿಲ್ಲ ಕಣ್ರೀ ಎಂದಳಂತೆ, ಅಷ್ಟೇ, ಬೇರೆ ಯಾರಾದರೂ ಆಗಿದ್ದರೆ ಊರ ತುಂಬ ಡಂಗುರ ಸಾರುತ್ತಿದ್ದರು. ಅವಳ ಆ ಒಂದು ಮಾತು ನೆನೆದಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತದೆ, ಸಿಟ್ಟೂ ಬರುತ್ತದೆ. ಈಗ ಎರಡನೆಯ ಸಂಬಂಧ, ಸವಳಂಗದ ಪುಷ್ಪಾ. ಇವಳ ವಿಷಯದಲ್ಲಿ ಹಾಗಾಗಕೂಡದು, ಇವಳೂ ಒಂದು ದಿನ ಗಂಟು ಕಟ್ಟಿದರೆ ಅವನು ಮನುಷ್ಯನಾಗಿ ಉಳಿಯುವುದಿಲ್ಲ.

ಪುಷ್ಪಾ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಾಳೆ, ಊರವರು ತರುವ ಹಾಲನ್ನು ಅಳೆಯುವ, ಪರೀಕ್ಷೆ ಮಾಡುವ ಕೆಲಸ, ಯಂತ್ರಕ್ಕೆ ಹಾಕುವ ಮೊದಲು ಮೂಗಿನ ಹತ್ತಿರ ಹಿಡಿಯುತ್ತಾಳೆ, ಹುಳಿ ತಿರುಗಿದ್ದು, ನೀರು ಬೆರೆತದ್ದು ಅಲ್ಲೇ ಗೊತ್ತಾಗಿಬಿಡುತ್ತದಂತೆ, ನನ್ ತಂಗಿ ಮೂಗು ಪೊಲೀಸ್ ನಾಯಿ ಮೂಗು ಎಂದು ಅವಳ ಅಣ್ಣ ಜುಂಜಪ್ಪ ನಕ್ಕಿದ್ದ, ಅವಳು ನಕ್ಕಿರಲಿಲ್ಲ. ಮೊದಲ ಗಂಡ ಮೂತ್ರಪಿಂಡದ ಕಾಯಿಲೆ ಮುಚ್ಚಿಟ್ಟು ತಾಳಿ ಕಟ್ಟಿದವನು, ಮದುವೆಯ ಅರಿಶಿನ ಆರುವ ಮೊದಲೇ ತೀರಿಹೋದ. ನಂಗೆ ಆಸ್ತಿ ಬ್ಯಾಡ, ಚಂದ ಬ್ಯಾಡ, ಸುಳ್ ಹೇಳೋರು ಮಾತ್ರ ಬ್ಯಾಡ ಕಣ್ರೀ. ನೇರವಾಗಿ ಮುಖ ನೋಡಿ ಹೇಳಿದಳು, ಆ ಕಣ್ಣು ಅವನಿಗೆ ತುಂಬ ಹಿಡಿಸಿತು, ಹಿಡಿಸಿದ್ದೇ ತಪ್ಪಾಯಿತು, ಹಿಡಿಸದಿದ್ದರೆ ಹೇಳಿ ಎದ್ದು ಬಂದುಬಿಡಬಹುದಿತ್ತು. ಡಾಕ್ಟರೂ ಅದನ್ನೇ ಹೇಳಿದರು, ಮದುವೆ ಆಗೋರಿಗೆ ಮೊದಲೇ ಹೇಳಿ, ಕರೆದುಕೊಂಡು ಬನ್ನಿ, ಇಬ್ಬರೂ ಕೂತು ಮಾತಾಡೋಣ. ಆಕೆ ಒಪ್ಪಿಗೆ ಐತೆ ಸಾರ್. ಐತೆ ಎಂಬ ಮಾತು ಎಷ್ಟು ಸಲೀಸಾಗಿ ಹೊರಗೆ ಬಂತು. ಮೇಜಿನ ಮೇಲೆ ಮಾದರಿ ಇಟ್ಟು, ನೇಗಿಲಿನ ವಿಷಯ ಮಾತಾಡುವಷ್ಟು ನಿರಾಳವಾಗಿ ವಿವರಿಸಿದರು ಡಾಕ್ಟರು, ಅಂಗದೊಳಗೆ ಎರಡು ಕೊಳವೆ, ಹೊಟ್ಟೆಯ ಹತ್ತಿರ ನೀರಿನ ಸಣ್ಣ ಚೀಲ, ಕೆಳಗೆ ಚರ್ಮದೊಳಗೆ ಪಂಪು, ಒತ್ತಿದರೆ ನೀರು ಹರಿದು ಗಟ್ಟಿಯಾಗುತ್ತೆ, ಇನ್ನೊಂದು ಗುಂಡಿ ಒತ್ತಿದರೆ ಇಳಿಯುತ್ತೆ — ಜೊತೆಗೆ ಬಂದಿದ್ದ ಪರಮೇಶ ಅದನ್ನು ಕೈಯಲ್ಲಿ ಹಿಡಿದು ಪಿಚಕ್ ಪಿಚಕ್ ಎಂದು ಒತ್ತಿ, ಸದ್ದು ಮಾಡಲ್ಲ ತಾನೆ ಸಾರ್, ನಮ್ ಹಳೇ ಲಾರಿ ಹಾರ್ನ್ ಇದ್ದಂಗೈತೆ ಎಂದ. ಉಬ್ರಾಣಿಯ ಪರಮೇಶ, ಮೆಕ್ಕೆಜೋಳ ಸಾಗಿಸುವ ಲಾರಿಯವನು, ಶಾಲೆಯ ಬೆಂಚಿನಿಂದಲೂ ಜೊತೆ, ಜಾತಿ ಬೇರೆ, ಗುಟ್ಟು ಒಂದೇ, ಆಸ್ಪತ್ರೆಯಲ್ಲಿ ಸಂಬಂಧ ಕೇಳಿದಾಗ ತಮ್ಮ ಎಂದು ಬರೆಸಿದವನು. ಆಚೆ ಬಂದ ಮೇಲೆ ಕೇಳಿದ, ಒತ್ತುವಾಗ ಆಕೆಗೆ ಗೊತ್ತಾಗಲ್ಲೇನೋ. ದೀಪ ಆರ್ಸಿರುತ್ತಲ್ಲ. ದೀಪ ಆರ್ಸಿದ್ರೆ ಮೂಗು ಆರಿಹೋಗುತ್ತೇನೋ ಎಂದ ಪರಮೇಶ, ಇಬ್ಬರೂ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾಕ್ಟರು ನಗದೆ ಹೇಳಿದ ಮಾತು ಒಂದಿತ್ತು. ಒಮ್ಮೆ ಇದನ್ನು ಕೂರಿಸಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಇಲ್ಲ, ನಿಮ್ಮದು ಅಂತ ಒಳಗೆ ಉಳಿದಿರೋ ಅಲ್ಪಸ್ವಲ್ಪವೂ ಹೋಗುತ್ತೆ. ಕೀವು ಆಗಲೇಬಾರದು. ಹಲ್ಲು ನೋವು, ಕುರು, ಎಲ್ಲೋ ಒಂದು ಸಣ್ಣ ಹುಣ್ಣು, ಏನೇ ಇದ್ದರೂ ಮುಂದಕ್ಕೆ ಹಾಕ್ತೀನಿ, ಅಲ್ಲಿಯ ವಿಷ ರಕ್ತದಲ್ಲಿ ಬಂದು ಇದಕ್ಕೆ ಅಂಟಿಕೊಂಡರೆ ಬಿಚ್ಚಿ ತೆಗೆಯಬೇಕಾಗುತ್ತೆ, ಆಮೇಲೆ ಉಳಿಯೋದು ಏನೂ ಇಲ್ಲ, ನಿಮ್ಮ ಸಕ್ಕರೆಗೆ ಜೀವಕ್ಕೂ ಬರಬಹುದು. ಎಲ್ಲಾದರೂ ಗಾಯ ಇದೆಯಾ. ಆವತ್ತು ಇರಲಿಲ್ಲ. ಇಲ್ಲ ಸಾರ್ ಎಂದದ್ದು ಆವತ್ತು ನಿಜವೇ ಆಗಿತ್ತು.

ಅದಾದ ಮೇಲೆ ಜಗಳೂರು ಕಡೆಯ ಒಂದು ಕಣ, ಬಿಸಿಲು, ಹರಡಿದ ಮೆಕ್ಕೆಜೋಳ ಹೊಂಬಣ್ಣಕ್ಕೆ ಹೊಳೆಯುತ್ತಿತ್ತು, ಕೊಳ್ಳುವ ಮೊದಲು ತೇವ ನೋಡಬೇಕು, ಯಂತ್ರ ಇಟ್ಟುಕೊಂಡವರು ಇಟ್ಟುಕೊಳ್ಳಲಿ, ಮಹಾಂತೇಶನ ಕ್ರಮವೇ ಬೇರೆ, ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಕಾಳಿಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ಕಾಳಿನೊಳಗೆ ಸಾಲು ಎಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆಯುವುದು, ಕಾಳು ಮಗುಚುತ್ತ ಹೋಗುತ್ತದೆ, ತಳದ ಹಸಿ ಬೆರಳಿಗೆ ತಣ್ಣಗೆ ತಾಗುತ್ತದೆ, ಅಪ್ಪನೂ ಹೀಗೇ ನೋಡುತ್ತಿದ್ದ. ಬೆರಳಿಗೆ ಈಗ ತಣ್ಣಗೂ ಇಲ್ಲ ಬೆಚ್ಚಗೂ ಇಲ್ಲ, ಎಷ್ಟೋ ಕಾಲದಿಂದ ಏನೂ ತಾಗುತ್ತಿಲ್ಲ, ಆದರೂ ನಡೆಯುತ್ತಾನೆ, ನಾಲ್ಕು ಜನ ನೋಡುತ್ತಿರುತ್ತಾರೆ, ತೇವ ಐತೆ ಎಂದು ಅಂದಾಜಿನ ಮೇಲೆ ಹೇಳುತ್ತಾನೆ. ಮನೆಯೊಳಗೂ ಚಪ್ಪಲಿ ಬಿಡಬೇಡಿ ಅಂತ ಸಕ್ಕರೆ ಡಾಕ್ಟರು ಬಾರಿಬಾರಿಗೂ ಹೇಳಿದ್ದರು, ಸರಿ ಸಾರ್, ಆದರೆ ಅನ್ನದ ಮೇಲೆ ಚಪ್ಪಲಿ ಕಾಲಿಡುವುದುಂಟೆ, ಅದನ್ನು ಯಾವ ಡಾಕ್ಟರೂ ಹೇಳಕೂಡದು. ಕಾಳಿನ ನಡುವೆ ತಂತಿಯ ಚೂರಿತ್ತೋ, ಗಾಜೇ ಇತ್ತೋ. ಸಂಜೆ ಲಾರಿಯ ಫುಟ್‌ಬೋರ್ಡಿನ ಮೇಲೆ ರಕ್ತ ಕಂಡದ್ದು ಪರಮೇಶನಿಗೆ, ಲೇ ಇದು ಯಾರ್ದೋ, ನಿಂದೇ ಕಣೋ ಎಂದಾಗಲೇ ಮಹಾಂತೇಶ ಕಾಲೆತ್ತಿ ನೋಡಿದ್ದು, ಹೆಬ್ಬೆರಳಿನ ಬುಡ, ಅಂಗಾಲಿನಲ್ಲಿ, ಬಾಯಿ ಬಿಟ್ಟ ಗಾಯ. ನೋವಿಲ್ಲ. ಒಂದಿಷ್ಟೂ ನೋವಿಲ್ಲ, ಅದೇ ಹೆದರಿಕೆ, ನೋವಿದ್ದಿದ್ದರೆ ಅದು ತನ್ನದೇ ಗಾಯ ಎಂದಾದರೂ ಅನ್ನಿಸುತ್ತಿತ್ತು. ಅರಿಶಿನ ಒತ್ತಿದ, ಮೆಡಿಕಲ್ಲಿನವನು ಕೊಟ್ಟ ಮುಲಾಮು ಹಚ್ಚಿದ, ಮೇಲೆ ಮುಚ್ಚಿಕೊಂಡಿತು, ಒಳಗೆ ಮುಚ್ಚಿಕೊಳ್ಳಲಿಲ್ಲ, ಒತ್ತಿದರೆ ನೀರಿನಂಥದ್ದು ಬರುತ್ತದೆ, ಒಂದು ವಾಸನೆ, ಇವತ್ತು ಬೆಳಗ್ಗೆ ಸ್ನಾನದ ಮನೆಯಲ್ಲಿ ಅಂಟಿಸಿದ್ದ ಪಟ್ಟಿ ಕಿತ್ತು ಬಿಸಾಡಿದ್ದಾನೆ, ಪಟ್ಟಿ ಕಂಡರೆ ತಾನೇ ಕೇಳುವುದು, ಮಲಗಿದರೆ ಅಂಗಾಲು ಗೋಡೆ ಕಡೆ, ಕೂದಲು ತೆಗೆಯಲು ಬಂದವನು ಅತ್ತ ನೋಡಲೇ ಇಲ್ಲ. ನೋಡಿದ್ದು ಪರಮೇಶ. ಹೇಳ್ಬಿಡೋ, ನಿನ್ ಕಾಲಿಗೆ ಬೀಳ್ತೀನಿ, ಮುಂದಕ್ಕೆ ಹಾಕ್ಲಿ. ಮುಂದಕ್ಕೆ ಹಾಕಿದರೆ ಗಾಯ ಮಾಯಬೇಕು, ಆಮೇಲೆ ಆಪರೇಷನ್ನು, ಆಮೇಲೆ ಒಂದೂವರೆ ತಿಂಗಳು ಹೆಂಡತಿಯ ಹತ್ತಿರ ಹೋಗುವ ಹಾಗಿಲ್ಲ, ಅಷ್ಟರಲ್ಲಿ ಧನುರ್ಮಾಸ ಹಿಡಿಯುತ್ತದೆ, ಮುಹೂರ್ತ ಇರುವುದು ಅದಕ್ಕೆ ಮೊದಲು, ಈ ದಿನ ತಪ್ಪಿದ್ರೆ ಹೊನ್ನಾಳಿ ಕಡೆ ಒಂದು ಸಂಬಂಧ ಕೇಳಾಕೆ ಬಂದೈತಿ ನೋಡ್ರಿ, ಅಂತ ಜುಂಜಪ್ಪ ಬಾಯಿಬಿಟ್ಟೇ ಹೇಳಿದ್ದಾನೆ. ಹೋದ್ರೆ ಹೋಗ್ಲಿ ಬಿಡೋ ಎಂದ ಪರಮೇಶ, ಜೀವ ಇದ್ರೆ ತಾನೆ ಹೆಂಡ್ತಿ, ನೀ ಹೇಳ್ಲಿಲ್ಲಾಂದ್ರೆ ನಾನೇ ಹೇಳ್ತೀನಿ. ಹೇಳು ನೋಡೋಣ, ಮತ್ತೆ ನನ್ ಮುಖ ನೋಡ್ಬ್ಯಾಡ. ಪರಮೇಶ ಎದ್ದು ಹೋದ, ಟೀ ಕುಡಿಯಲು ಹೋದನೋ ಡಾಕ್ಟರನ್ನು ಹುಡುಕಿಕೊಂಡು ಹೋದನೋ, ಇನ್ನೂ ಬಂದಿಲ್ಲ, ಹೇಳಿಬಿಡಲಿ ಎಂದು ಒಂದು ಮನಸ್ಸು, ಹೇಳಿದರೆ ತಪ್ಪು ತನ್ನದಲ್ಲ ಅವನದು, ಹೇಳದಿರಲಿ ಎಂದು ಇನ್ನೊಂದು, ಬಾಗಿಲು ಸರಿಯಿತು, ಪರಮೇಶನಲ್ಲ, ನರ್ಸು. ನಡೀರಿ ಮಹಾಂತೇಶ್, ನಡೆದು ಬರ್ತೀರಾ, ಗಾಡಿ ಬೇಕಾ. ಗಾಡಿ ಯಾಕಮ್ಮ, ಕಾಲು ಗಟ್ಟಿ ಅದಾವಲ್ಲ. ಓಣಿಯ ತುದಿಯ ಬೆಂಚಿನ ಮೇಲೆ ಪರಮೇಶ ತಲೆ ತಗ್ಗಿಸಿ ಕೂತಿದ್ದ, ಹೆಜ್ಜೆ ಸಪ್ಪಳಕ್ಕೂ ತಲೆ ಎತ್ತಲಿಲ್ಲ, ಹೇಳಿಲ್ಲ, ಹೇಳಿದ್ದರೆ ಹೀಗೆ ಕೂರುತ್ತಿರಲಿಲ್ಲ, ಪಾಪ, ಸ್ನೇಹ ಉಳಿಸಿಕೊಂಡಿದ್ದಾನೆ.

ಆಪರೇಷನ್ ಕೋಣೆಯ ಬಾಗಿಲಲ್ಲಿ, ಚಪ್ಪಲಿ ಇಲ್ಲೇ ಬಿಡಿ ಎಂದರು, ಬಿಟ್ಟ, ಒಳಗೆ ಮಾಗಿಯ ಚಳಿಯಂಥ ಚಳಿ, ಮಾಸ್ಕು ಕಟ್ಟಿದ ಮುಖಗಳು, ಯಾರು ಯಾರೋ, ಕಣ್ಣುಗಳಷ್ಟೇ, ಎಲ್ಲಿಂದಲೋ ಸಣ್ಣದಾಗಿ ಭಕ್ತಿಗೀತೆ, ಟೇಬಲ್ಲಿನ ಮೇಲೆ ಕೂತ್ಕೊಳ್ಳಿ, ಕಾಲು ಇಳಿಬಿಡಿ, ಸ್ಟೂಲಿನ ಮೇಲಿಡಿ, ಬೆನ್ನು ಬಗ್ಗಿಸಿ, ಇನ್ನೂ, ಗದ್ದ ಎದೆಗೆ ತಾಗಲಿ, ಬೆನ್ನುಹುರಿಗೆ ಚುಚ್ಚುವುದು, ಅಲುಗಾಡಬಾರದು, ಮಾತಾಡಬಾರದು, ಅಲುಗಿದರೆ ಕಷ್ಟ. ಬೆನ್ನ ಮೇಲೆ ತಣ್ಣನೆಯ ಔಷಧಿ ಹರಿಯಿತು. ಕತ್ತು ಬಗ್ಗಿಸಿದವನಿಗೆ ಕಂಡದ್ದು ನೆಲ, ಬಿಳಿ ಟೈಲ್ಸು, ಬಾಗಿಲಿನಿಂದ ಟೇಬಲ್ಲಿನ ತನಕ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಒಂದು ಚುಕ್ಕೆ. ಕಡಲೆಕಾಳಿನಷ್ಟು. ಕಂದು ಬಣ್ಣ, ಸುತ್ತ ಒದ್ದೆ. ಬಲಗಾಲು ಊರಿದ ಕಡೆಯೆಲ್ಲ. ಅವನು ಕಾಲು ಹಿಂದಕ್ಕೆಳೆದುಕೊಂಡ, ಅಲುಗಾಡಬೇಡಿ ಅಂದೆನಲ್ಲ ಎಂದಿತು ಬೆನ್ನ ಹಿಂದಿನ ಧ್ವನಿ, ಸವಳಂಗದ ಮನೆಯ ಕೆಂಪು ಗಾರೆಯ ನೆಲ ನೆನಪಾಯಿತು, ದಿನ ಗೊತ್ತುಮಾಡಲು ಹೋದದ್ದು, ಗಾಯವಾದ ಮಾರನೆಯ ವಾರ, ಅಲ್ಲಿಯೂ ಬಾಗಿಲಿನಿಂದ ಕುರ್ಚಿಯ ತನಕ ಹೀಗೇ ಬಿದ್ದಿತ್ತು, ಕೆಂಪಿನ ಮೇಲೆ ಕಾಣುವುದಿಲ್ಲ ಎಂದುಕೊಂಡಿದ್ದ, ಪುಷ್ಪಾ ನೀರಿನ ಲೋಟ ಕೈಗೆ ಕೊಟ್ಟು ನಿಂತಳು, ನೆಲ ನೋಡಿದಳು, ಕಾಲಿಗೆ ಏನಾದ್ರೂ ಆಗೈತೇನ್ರೀ. ಇಲ್ಲವಲ್ಲ, ಬಚ್ಚಲ ಹತ್ರ ಕೆಸರು ತುಳಿದೆ ಅನ್ಸುತ್ತೆ. ಅವಳು ಬಟ್ಟೆ ತಂದು ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಒರೆಸಿದಳು, ಎದ್ದು ಒಳಗೆ ಹೋಗುವಾಗ, ಬಾಗಿಲಲ್ಲಿ, ಬೆನ್ನು ತಿರುಗಿಸಿಕೊಂಡು, ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು. ಮತ್ತೆ ಬಂದಾಗ ಏನೂ ಆಗದವಳ ಹಾಗೆ ಬಾಳೆಹಣ್ಣು ಇಟ್ಟಳು, ನಾನ್ ಹೇಳಿದ್ ಮಾತು ನೆನಪೈತಲ್ರೀ ಎಂದಳು. ಐತೆ. ಗೊತ್ತಿತ್ತು ಅವಳಿಗೆ, ಆವತ್ತೇ ಗೊತ್ತಿತ್ತು, ಬಾಯಿಬಿಡಲಿ ಎಂದು ಕಾಯುತ್ತಿದ್ದಾಳೆ, ಇನ್ನೂ ಕಾಯುತ್ತಿದ್ದಾಳೆ, ಇಲ್ಲಿಂದ ಎದ್ದು ಹೋಗಿ ಹೇಳಿದರೆ ಮುಹೂರ್ತ ಸಂಕ್ರಾಂತಿಗೆ ಹೋಗಲಿ ಎನ್ನುವ ಹೆಂಗಸು ಅವಳು, ಈಗ ಹೊಳೆಯಿತಲ್ಲ ಇದು, ಈಗ, ಬೆನ್ನೊಳಗೆ ಸೂಜಿ ಇರುವಾಗ, ಮಾತಾಡಬೇಡಿ ಎಂದಿರುವಾಗ. ಆಯ್ತು, ಮಲಗಿ. ಕಾಲು ಎತ್ತಿ ಇಟ್ಟರು, ಬೆಚ್ಚಗಾಯಿತು, ಭಾರವಾಯಿತು, ಇಲ್ಲವಾಯಿತು, ಆಯಾ ಒಬ್ಬಳು ಕೋಲಿನ ಒರಸು ಹಿಡಿದು ಬಂದು ಬಾಗಿಲಿನಿಂದ ಎಳೆಯುತ್ತ ಬರುತ್ತಿದ್ದಾಳೆ, ಕೆಳಗೆ ನೋಡುತ್ತಲೂ ಇಲ್ಲ, ಒಂದು ಹೋಯಿತು, ಇನ್ನೊಂದು ಹೋಯಿತು, ಫಿನಾಯಿಲಿನ ವಾಸನೆ, ನೋಡಮ್ಮ, ಒಂದು ಸಲ ಬಗ್ಗಿ ನೋಡು, ಇದೇನು ಅಂತ ಕೂಗು — ಎಳೆದುಕೊಂಡು ಹೊರಟೇಹೋದಳು. ನರ್ಸಿನ ಕಣ್ಣು ಮೇಲೆ ಬಂತು, ಕೊನೇ ಸಲ ಕೇಳ್ತಿದ್ದೀನಿ, ಊಟ, ನೀರು ಏನೂ ತಗೊಂಡಿಲ್ಲ ತಾನೆ, ಇಲ್ಲ, ಮೈಮೇಲೆ ಗಾಯ, ಹುಣ್ಣು ಏನಾದರೂ. ಹೇಳು. ಈಗ ಹೇಳು, ಗಂಡಸಾಗಿದ್ದರೆ ಹೇಳು. ಎಲ್ಲೂ ಗಾಯ ಇಲ್ಲ ಎಂದಿತು ನಾಲಿಗೆ, ಐತೆ ಸಾರ್ ಎಂದ ನಾಲಿಗೆಯೇ, ಅದೇ ಸಲೀಸು. ಹಸಿರು ಬಟ್ಟೆ ಎದೆಯ ಮೇಲೆ ಗೋಡೆಯ ಹಾಗೆ ಎದ್ದಿತು. ಆಚೆಯಿಂದ ಡಾಕ್ಟರ ಧ್ವನಿ, ಶುರು ಮಾಡೋಣ ಮಹಾಂತೇಶ್, ಏನಾದರೂ ಹೇಳೋದಿದೆಯಾ. ಏನಿಲ್ಲ ಸಾರ್. ಕತ್ತು ವಾಲಿಸಿದರೆ ಕೆಳಗೆ ಸ್ಟೂಲು ಕಾಣುತ್ತದೆ, ಸ್ಟೂಲಿನ ಮೆಟ್ಟಿಲು ಕಾಣುತ್ತದೆ, ಕಾಲಿಟ್ಟ ಜಾಗ, ಒರಸು ಅಲ್ಲಿಗೆ ತಾಗಲೇ ಇಲ್ಲ, ಒಂದು ಉಳಿದಿದೆ, ಲೈಟಿನ ಕೆಳಗೆ ಹೊಳೆಯುತ್ತಿದೆ, ಯಾರಾದರೂ ನೋಡಬೇಕು, ಯಾರೂ ನೋಡುತ್ತಿಲ್ಲ, ಕತ್ತರಿಯ ಸದ್ದು, ಸ್ಟೂಲಿನ ಮೇಲೆ ಚುಕ್ಕೆ, ಒದ್ದೆ, ಇನ್ನೂ ಒದ್ದೆಯಾಗಿರುವ, ಕಡಲೆಕಾಳಿನಷ್ಟು ಚುಕ್ಕೆ, ಚುಕ್ಕೆ