ಸುಣ್ಣ ಕಾಣದ ಗೋಡೆ

ಗ್ರೀಸಿನ ಪಿನಿಯೋಸ್ ನದಿ ಊರೊಳಗೆ ನುಗ್ಗಿದ್ದು ಸೆಪ್ಟೆಂಬರಿನಲ್ಲಿ. ತುರ್ತು ಸಾಲದ ಅಧಿಕಾರಿ ಬಂದದ್ದು ಏಪ್ರಿಲಿನಲ್ಲಿ, ಈಸ್ಟರ್ ಹಬ್ಬಕ್ಕೆ ಮೂರು ದಿನ ಇರುವಾಗ. ಅಷ್ಟರಲ್ಲಿ ಊರಿನ ಹೆಂಗಸರು ಹಬ್ಬಕ್ಕೆಂದು ಮನೆ, ಕಾಂಪೌಂಡು, ಮರದ ಬುಡ ಯಾವುದನ್ನೂ ಬಿಡದೆ ಸುಣ್ಣ ಬಳಿದು ಮುಗಿಸಿದ್ದರು.

ಅಧಿಕಾರಿ ಟೇಪು ಹಿಡಿದು ಬೀದಿಯುದ್ದಕ್ಕೂ ನಡೆದ. ಕಣ್ಣು ಕೋರೈಸುವ ಬಿಳುಪು.

"ನೀರು ನಿಂತ ಗುರುತೆಲ್ಲಿ?"

"ಕೆಸರಿನ ಗೋಡೆ ಇಟ್ಕೊಂಡು ಹಬ್ಬ ಮಾಡೋಕಾಗುತ್ತಾ ಸ್ವಾಮಿ? ನಮಗೂ ಮಾನ ಮರ್ಯಾದೆ ಇದೆ," ಅಂದಳು ಆಸಿಮಿನಾ.

"ಮರ್ಯಾದೆಗೆ ಸಾಲ ಕೊಡಲ್ಲಮ್ಮ. ಗುರುತಿನ ಪಕ್ಕ ಜಮೀನಿನ ಒಡೆಯರು ನಿಂತಿರೋ ಫೋಟೋ ಬೇಕು."

ಗುರುತು ಉಳಿದಿದ್ದ ಮನೆ ಒಂದೇ: ಆಸಿಮಿನಾಳ ಪಕ್ಕದ ಪೋಲಿಕ್ಸೇನಿಯದು. ನೆರೆ ಇಳಿದ ಮೇಲೆ ನೆನೆದ ಪಂಪು ರಿಪೇರಿ ಮಾಡಲು ಹೋಗಿ ಅವಳ ಗಂಡ ಸ್ತಾಥಿಸ್ ಕರೆಂಟು ಹೊಡೆದು ಸತ್ತಿದ್ದ. ಸಾವಿನ ಮನೆಗೆ ವರ್ಷ ತುಂಬುವ ತನಕ ಸುಣ್ಣ ಬಳಿಯುವಂತಿಲ್ಲ. ಗೋಡೆಯ ಮೇಲೆ ಎದೆಮಟ್ಟಕ್ಕೆ ಕಂದು ಗೆರೆ ಹಾಗೇ ಇತ್ತು.

"ಅದೃಷ್ಟವಂತೆ ಕಣೇ ನೀನು!" ಅಂದುಬಿಟ್ಟಳು ಆಸಿಮಿನಾ. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಪೋಲಿಕ್ಸೇನಿಗೂ ಸಾಲ ಬೇಕಿತ್ತು. ಮೇ ಮೊದಲ ವಾರದೊಳಗೆ ಬಿತ್ತದಿದ್ದರೆ ಈ ವರ್ಷದ ಹತ್ತಿ ಇಲ್ಲ; ಬೀಜ, ಪಂಪು ಎರಡೂ ನೀರುಪಾಲಾಗಿದ್ದವು.

"ತಂಗೀ, ನಿನ್ನ ಗೋಡೆ ಒಂದ್ ನಿಮಿಷ ಕೊಡೇ," ಅಂದಳು ಆಸಿಮಿನಾ.

"ನಿಂತ್ಕೊಳ್ಳಿ ಅಕ್ಕ."

ಅಧಿಕಾರಿ ಆಕಾಶ ನೋಡಿದ. ಬರಿಗೈಯಲ್ಲಿ ವಾಪಸು ಹೋದರೆ ಅವನಿಗೂ ಬೈಗುಳ ಕಾದಿತ್ತು. ಆಸಿಮಿನಾ ತಲೆವಸ್ತ್ರ ಸರಿಮಾಡಿಕೊಂಡು ನಿಂತಳು. ಅವಳ ಹಿಂದೆ ಸಾಲು ಬೆಳೆಯಿತು.

"ನಗಬೇಡ್ರಿ, ನೀವು ಮುಳುಗಿದೋರು!" ಎಂದು ಅಧಿಕಾರಿ ಗದರಿದ.

ಹನ್ನೊಂದು ಜನ ಮುಳುಗಿದ ಮುಖ ಮಾಡಿ ಹೋದರು. ಪೋಲಿಕ್ಸೇನಿ ಸಾವಿನ ಮನೆಯ ರೂಢಿಯಂತೆ ಎಲ್ಲರಿಗೂ ಸಕ್ಕರೆಯಿಲ್ಲದ ಕಾಫಿ ಕೊಟ್ಟಳು. ಕೊನೆಗೆ ತಾನು ಹೋಗಿ ನಿಂತಳು.

"ಜಮೀನು ನಿಮ್ಮ ಹೆಸರಲ್ಲಿದೆಯಾ?"

"ಅವರ ಹೆಸರಲ್ಲಿ. ವಾರಸಾ ಕಾಗದ ಇನ್ನೂ ಕೋರ್ಟಲ್ಲಿದೆ."

"ಹಾಗಾದ್ರೆ ಅವರೇ ನಿಲ್ಬೇಕು."

"ಅವನು ಮಲಗಿದಾನಲ್ಲ, ಚರ್ಚಿನ ಹಿಂದೆ ಮಣ್ಣಲ್ಲಿ!" ಆಸಿಮಿನಾ ಸಿಡಿದಳು. "ಏನಾದ್ರೂ ದಾರಿ ಹುಡುಕು ಪುಣ್ಯಾತ್ಮ."

ಅಧಿಕಾರಿ ತಲೆ ಕೆರೆದುಕೊಂಡ. ಕೆಟ್ಟವನಲ್ಲ ಅವನು. "ಅವರ ಫೋಟೋ ಇದೆಯಾ, ದೊಡ್ಡದು?"

ಪೋಲಿಕ್ಸೇನಿ ಒಳಗಿನ ಗೋಡೆಯಿಂದ ಫೋಟೋದ ಚೌಕಟ್ಟು ಇಳಿಸಿ ತಂದು ಎದೆಗೆ ಹಿಡಿದಳು.

"ಇನ್ನೂ ಮೇಲೆ. ನಿಮ್ಮ ಮುಖ ಕಾಣಬಾರದು, ಅವರದ್ದು ಕಾಣಬೇಕು."

ಅವಳು ಚೌಕಟ್ಟನ್ನು ಮುಖಕ್ಕೆ ಅಡ್ಡ ಹಿಡಿದಳು. ಚೌಕಟ್ಟಿನ ಹಿಂಬದಿಯ ರಟ್ಟಿಗೆ ಇನ್ನೂ ಕೆಸರಿನ ವಾಸನೆಯಿತ್ತು. ಅಧಿಕಾರಿ ಹೇಳುವವರೆಗೂ ಇಳಿಸಲಿಲ್ಲ.

ಹಬ್ಬ ಕಳೆದು ಎರಡು ವಾರಕ್ಕೆ ಹನ್ನೊಂದು ಮನೆಗೂ ಹಣ ಬಂತು. ಪೋಲಿಕ್ಸೇನಿಗೆ ಬಂದದ್ದು ಕಾಗದ. ಶ್ರೀ ಸ್ತಾಥಿಸ್ ಅವರಿಗೆ ಸಾಲ ಮಂಜೂರಾಗಿದೆ, ಹತ್ತು ದಿನದೊಳಗೆ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬಂದು ಪಡೆಯತಕ್ಕದ್ದು, ಬೇರೆಯವರಿಗೆ ಕೊಡಲಾಗುವುದಿಲ್ಲ.

ಆಸಿಮಿನಾ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದಳು. "ಹೋಗ್ಲಿ ಬಿಡು, ಮಂಜೂರಂತೂ ಆಯ್ತಲ್ಲ," ಅಂದಳು.

ಹತ್ತು ದಿನ ಕಳೆದವು. ಪೋಲಿಕ್ಸೇನಿಯ ಹೊಲ ಬೀಳುಬಿಡುವುದು ಯಾಕೆಂದು ಆಸಿಮಿನಾಳೇ ಅದನ್ನು ಆ ವರ್ಷದ ಮಟ್ಟಿಗೆ ಗುತ್ತಿಗೆಗೆ ಕೇಳಿದಳು. ಬೀಜಕ್ಕೆ ಅವಳ ಬಳಿ ಹಣವಿತ್ತು.