ನಾಲೆ ಏರಿಯ ಸಪ್ಪೆ ಅಣಬೆ

ನಾನು ಒಂದು ಅಣಬೆ. ಮದ್ದೂರಿನ ಕಡೆಯ ಒಂದು ನಾಲೆ ಏರಿಯ ಮೇಲೆ, ಕೊಳೆತ ಕಬ್ಬಿನ ಸೋಗೆಯ ನಡುವೆ, ಗುಡುಗು ಮಳೆ ಬಂದ ಮಾರನೆಯ ದಿನ ಹುಟ್ಟಿದೆ. ನನ್ನಲ್ಲಿ ವಿಷವಿಲ್ಲ, ರುಚಿಯೂ ಇಲ್ಲ. ವಿಷದ ಅಣಬೆಗೆ ಜನ ಹೆದರುತ್ತಾರೆ, ರುಚಿಯ ಅಣಬೆಗೆ ಮುಗಿಬೀಳುತ್ತಾರೆ. ನನ್ನಂಥವನ್ನು ನಾಯಿಕೊಡೆ ಎಂದು ಒದ್ದು ಹೋಗುತ್ತಾರೆ. ಹಾಗೆ ಒದೆಸಿಕೊಂಡು ಸತ್ತಿದ್ದರೆ ಎಷ್ಟೋ ವಾಸಿಯಿತ್ತು.

ಆದರೆ ನನ್ನನ್ನು ಕಂಡವಳು ಸಣ್ಣಮ್ಮಣ್ಣಿ. ಕೊಳ್ಳೇಗಾಲದ ಬೆಟ್ಟದ ಮಗ್ಗುಲಿಂದ ಆ ವರ್ಷವೇ ಮದುವೆಯಾಗಿ ಬಂದವಳು. ಅವಳ ತವರಿನಲ್ಲಿ ಹುತ್ತದ ಮೇಲೆ ಏಳುವ ರುಚಿಯ ಅಣಬೆಯೂ ನನ್ನ ಹಾಗೆಯೇ ಬೆಳ್ಳಗಿರುತ್ತದಂತೆ. ತನ್ನ ಅಡುಗೆಗೆ ದಿನಾ ಮೂಗು ಮುರಿಯುವ ಮನೆಯವರಿಂದ ಒಂದು ಸಲವಾದರೂ ಭೇಷ್ ಅನ್ನಿಸಿಕೊಳ್ಳಬೇಕೆಂದು ನಮ್ಮನ್ನೆಲ್ಲ ಸೆರಗಿಗೆ ತುಂಬಿಕೊಂಡಳು. ಪಾಪದ ಹುಡುಗಿ, ಅವಳ ಪಾಲಿಗೆ ಸಿಕ್ಕಿದ್ದು ನಾವು.

ಕೊಬ್ಬರಿ, ಬೆಳ್ಳುಳ್ಳಿ ಅರೆದು ಸಾರು ಮಾಡಿದಳು. ಮನೆಯೆಲ್ಲ ಘಮ್ಮೆಂದಿತು. ಅದು ಮಸಾಲೆಯ ಘಮ, ನನ್ನದಲ್ಲ. ಅತ್ತೆ ಕೆಂಪಾಜಮ್ಮ ನನ್ನನ್ನು ಸೌಟಿನಲ್ಲಿ ಎತ್ತಿ ನೋಡಿ, ಇದು ಯಾವ ಅಣಬೆಯೋ ಏನೋ ಎಂದು ರಾಗ ಎಳೆದು ಮತ್ತೆ ಪಾತ್ರೆಗೆ ಬಿಟ್ಟಳು. ಗುರುತಿಲ್ಲದ ಅಣಬೆಯನ್ನು ಮೊದಲು ನಾಯಿಗೆ ಹಾಕಿ ಸಂಜೆಯವರೆಗೆ ಕಾಯುವುದು ಆ ಮನೆಯ ಪದ್ಧತಿ. ಅವಳು ಒಂದು ತುತ್ತು ಕಲಸಿಕೊಂಡು ಬಾಗಿಲಿಗೆ ನಡೆದಳು. ಊಟಕ್ಕೆ ಕುಳಿತಿದ್ದ ಮಗ ಬೋರಲಿಂಗ, ಸಣ್ಣಮ್ಮಣ್ಣಿಯ ಗಂಡ, ತಡೆದ.

"ನಾಯಿ ಗಬ್ಬ ಆಗೈತೆ ಕನವ್ವ, ಅದ್ಕ್ಯಾಕೆ? ತಂದೋಳೇ ಉಣ್ಲಿ."

ಅತ್ತೆ ಕೂಡ ಒಂದು ಗಳಿಗೆ ಮಗನ ಮುಖ ನೋಡಿದಳು. ಆಮೇಲೆ ಆ ತುತ್ತನ್ನು ಸೊಸೆಯ ತಟ್ಟೆಗೆ ಹಾಕಿದಳು. ಸಣ್ಣಮ್ಮಣ್ಣಿ ಅದನ್ನು ಉಂಡಳು, ಮೇಲೆ ತಾನೇ ತಟ್ಟೆ ತುಂಬ ಬಡಿಸಿಕೊಂಡು ಗಂಡನ ಕಡೆ ನೋಡುತ್ತಾ ಉಂಡಳು. ನನ್ನ ಒಡಹುಟ್ಟಿದವುಗಳಲ್ಲಿ ಹೆಚ್ಚಿನವು ಅವಳ ಹೊಟ್ಟೆ ಸೇರಿದವು. ನಾನೂ ಇನ್ನೊಂದೆರಡು ಅಣಬೆಗಳೂ ಪಾತ್ರೆಯ ತಳದಲ್ಲಿ ಉಳಿದೆವು. ಹೆದರಬೇಡ ತಾಯಿ ಎಂದು ಹೇಳಲು ನನಗೆ ಬಾಯಿಲ್ಲ.

ಅವಳು ದನಕ್ಕೆ ಹುಲ್ಲು ಹಾಕಿದಳು, ಉಳಿದ ಪಾತ್ರೆಗಳನ್ನು ತಿಕ್ಕಿದಳು. ಸಂಜೆಯಾದರೂ ಅವಳಿಗೆ ಏನೂ ಆಗಲಿಲ್ಲವೆಂದು ಖಾತ್ರಿ ಮಾಡಿಕೊಂಡು ಬೋರಲಿಂಗ ತಟ್ಟೆ ಹಿಡಿದು ಬಂದ. ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದ.

"ಥೂ, ಸಪ್ಪೆ. ಇದ್ಕೇನಾ ಅಷ್ಟೊತ್ತು ಕಾದಿದ್ದು?"

ಅತ್ತೆ ನಕ್ಕಳು. ಸಣ್ಣಮ್ಮಣ್ಣಿ ಪಾತ್ರೆಯನ್ನು ತಿಪ್ಪೆಗೆ ಬಗ್ಗಿಸಿ ಒಳಗೆ ಹೋದಳು.

ಈಗ ತಿಪ್ಪೆಯಲ್ಲಿ ಕೊಳೆಯುತ್ತಿದ್ದೇನೆ. ಅವಳು ಬದುಕಿದಳು, ಅದು ಸಂತೋಷವೇ. ಆದರೆ ಅವಳಿಗೆ ಏನೂ ಆಗದೆ ಹೋದದ್ದರಿಂದ, ಗಂಡ ಆ ಮಾತು ಅಂದೇ ಇಲ್ಲ ಎಂದಾಯಿತು. ನಾಳೆ ಅವಳು ತವರಿಗೆ ಹೋಗಿ ಹೇಳಿಕೊಂಡು ಅತ್ತರೂ, ಏನಾಗಿದೆ ನಿನಗೆ, ಗಟ್ಟಿಮುಟ್ಟಾಗಿದ್ದೀಯಲ್ಲ ಅನ್ನುತ್ತಾರೆ.